ಮಳೆಗಾಲಕ್ಕೆ ಮುಂಚೆ ನಮ್ಮ ಬೋರ್ಡಿಂಗಿನ ಮಾಡು: ಒಂದು ಮನವಿ

ಪ್ರಭುವಿನಲ್ಲಿ ಪ್ರಿಯರಾದ ಸಭಾಜನರಿಗೂ ನಮ್ಮ ಹಳೆ ವಿದ್ಯಾರ್ಥಿಗಳಿಗೂ ವಂದನೆಗಳು.

ಹೋದ ಮಂಗಳವಾರ ರಾತ್ರಿಯ ಗಾಳಿಮಳೆಗೆ ಬೋರ್ಡಿಂಗಿನ ಹಿಂದಿನ ಹಾಲಿನ ಮಾಡು (ಛಾವಣಿ) ಕುಸಿದ ಸುದ್ದಿ ನಿಮ್ಮಲ್ಲಿ ಹೆಚ್ಚಿನವರಿಗೆ ಮುಟ್ಟಿದೆ. ಯಾರಿಗೂ ಪೆಟ್ಟಾಗಲಿಲ್ಲ, ದೇವರಿಗೆ ಸ್ತೋತ್ರ. ಬೇಸಿಗೆ ರಜೆಯಾದ್ದರಿಂದ ಮಕ್ಕಳು ಊರಿಗೆ ಹೋಗಿದ್ದರು. ಹೋಗಲು ಮನೆಯಿಲ್ಲದ ನಾಲ್ವರು ಮಾತ್ರ ಇಲ್ಲೇ ಇದ್ದರು. ಸೆಕೆಯೆಂದು ಅವತ್ತು ಅವರನ್ನು ಮುಂದಿನ ಜಗಲಿಯಲ್ಲಿ ಮಲಗಿಸಿದ್ದು ನಮ್ಮ ವಾರ್ಡನ್ ಅಮ್ಮ.

ಆ ನಾಲ್ವರಲ್ಲಿ ಒಬ್ಬ ಕೊಪ್ಪಳ ಕಡೆಯ ಹುಡುಗ. ತಂದೆ ಇಲ್ಲ. ತಾಯಿ ಮೇಸ್ತ್ರಿಯ ಹಿಂದೆ ಗಟ್ಟ ಇಳಿದು ಬಂದು ಕಟ್ಟಡದ ಕೆಲಸದಲ್ಲಿ ಕಾಂಕ್ರೀಟ್ ಹೊರುತ್ತಾರೆ. ಕೆಲಸ ಮುಗಿದಲ್ಲಿಂದ ಶೆಡ್ಡು ಕಿತ್ತು ಮುಂದಿನ ಸೈಟಿಗೆ. ಹೀಗೆ ಮೂರು ಶಾಲೆ ಬದಲಾಗಿ, ಕೊನೆಗೆ ಶಾಲೆಯೇ ಬಿಟ್ಟುಹೋಗಿತ್ತು. ಎರಡು ವರ್ಷದ ಹಿಂದೆ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ನಮ್ಮಲ್ಲಿಗೆ ಬಂದ. ಬಂದ ಹೊಸತರಲ್ಲಿ ಚೀಲ ಬಿಚ್ಚುತ್ತಲೇ ಇರಲಿಲ್ಲ. ಅಂಗಿ ಬೇಕಾದರೆ ತೆಗೆಯುವುದು, ಉಳಿದದ್ದನ್ನು ಮಡಚಿ ಮತ್ತೆ ಜಿಪ್ ಎಳೆಯುವುದು. ಯಾಕಪ್ಪಾ ಎಂದು ಕೇಳಿದರೆ "ಮತ್ತ ಹೊಂಡೂದ ಐತಲ್ರಿ" ಅನ್ನುತ್ತಿದ್ದ. ಗೋಡೆಯ ಮೊಳೆಗೆ ಅವನ ಅಂಗಿ ಬಂದು ನೇತಾಡಲು ಕ್ರಿಸ್ಮಸ್ ಆಗಬೇಕಾಯಿತು. ಈಗ ಐದನೇ ಕ್ಲಾಸು. ಕನ್ನಡ ಪಾಠವನ್ನು ಗಟ್ಟಿ ದನಿಯಲ್ಲಿ ಓದಿ ಉಳಿದವರ ನಿದ್ದೆ ಕೆಡಿಸುತ್ತಾನೆ.

ಮಾಡು ಬಿದ್ದ ಮರುದಿನ ಬೆಳಗ್ಗೆ ನಾನು ಹೋದಾಗ ಒದ್ದೆ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. "ಈಗ ಎಲ್ಲಿಗ್ರಿ?" ಎಂದ. ಎಲ್ಲಿಗೂ ಇಲ್ಲ ಎಂದು ಹೇಳಿ ಬಂದಿದ್ದೇನೆ. ಆ ಮಾತಿಗಾಗಿಯೇ ಈ ಪತ್ರ.

ನಾನೂ ಇದೇ ಬೋರ್ಡಿಂಗಿನ ಗಂಜಿ-ಚಟ್ನಿ ಉಂಡು ಬೆಳೆದವನು. ನಮ್ಮ ಹಿರಿಯರ ಕತೆ ನಿಮಗೆ ಹೊಸತಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ಸಾಹೇಬರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದರು. ಕನ್ನಡಕ್ಕೆ ಅದೇ ಮೊದಲ ಪತ್ರಿಕೆ. ಕಿಟ್ಟೆಲರ ನಿಘಂಟು ಬಂದದ್ದು 1894ರಲ್ಲಿ. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆಯಿಂದ ಮಂಗಳೂರು ಹಂಚು ದೂರದೂರದ ಊರುಗಳನ್ನು ಮುಟ್ಟಿತು. ಊರಿಗೆಲ್ಲ ಹಂಚು ಹೊದೆಸಿದವರ ಮಕ್ಕಳು ನಾವು, ನಮ್ಮದೇ ಮಾಡಿನ ಕೆಳಗೆ ಬಕೆಟ್ ಇಟ್ಟುಕೊಂಡು ಎರಡು ಮಳೆಗಾಲ ಕಳೆದೆವು. ರಿಪೇರಿ ಮುಂದೂಡಿದ್ದು ಸಮಿತಿಯ ತಪ್ಪು, ಅದರಲ್ಲಿ ನನ್ನ ಪಾಲೂ ಇದೆ.

ಹಂಚು ಇನ್ನೂ ಗಟ್ಟಿ. ಮುರಿದವನ್ನು ಬಿಟ್ಟು ಉಳಿದದ್ದನ್ನೆಲ್ಲ ಅಂಗಳದಲ್ಲಿ ಪೇರಿಸಿಟ್ಟಿದ್ದೇವೆ, ಬೆರಳಲ್ಲಿ ತಟ್ಟಿದರೆ ಈಗಲೂ ಗಂಟೆಯ ಸದ್ದು. ಹೋದದ್ದು ಮರ: ಪಕ್ಕಾಸು, ರೀಪು ಎಲ್ಲ ಗೆದ್ದಲು ತಿಂದು ಹುಡಿ. ಶೀಟು ಹೊಡೆದು ಮುಗಿಸೋಣ ಎಂದವರೂ ಇದ್ದರು. ಆಟಿ ತಿಂಗಳ ಮಳೆ ಶೀಟಿನ ಮೇಲೆ ಬಡಿಯುವಾಗ ಮಕ್ಕಳು ಓದುವುದು ಹೇಗೆ? ಹಂಚೇ ಇರಲಿ, ಕೆಳಗೆ ಕಬ್ಬಿಣದ ಚೌಕಟ್ಟು ಹಾಕೋಣ ಎಂದು ತೀರ್ಮಾನವಾಯಿತು. ಒಟ್ಟು ಆರೇಳು ಲಕ್ಷ ಆಗಬಹುದು. ಸುಗ್ಗಿ ಹಬ್ಬದ ಏಲಂನಿಂದ ಉಳಿದದ್ದು, ಸ್ತ್ರೀಯರ ಕೂಟದವರು ಕೊಟ್ಟದ್ದು ಸೇರಿ ಒಂದೂವರೆ ಲಕ್ಷದ ಹತ್ತಿರ ಕೈಯಲ್ಲಿದೆ.

ಹಿಂದಿನ ಹಾಗೆ ಜರ್ಮನಿಯ ಸಹಾಯ ಈಗ ಇಲ್ಲ. ವಿದೇಶಿ ದೇಣಿಗೆಗೆ ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ಗಲ್ಫಿನಲ್ಲಿರುವ ನಮ್ಮವರು ಇದನ್ನು ಗಮನಿಸಬೇಕು: ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ, ಧಾರಾಳವಾಗಿ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ನಾವು ತೆಗೆದುಕೊಳ್ಳುವಂತಿಲ್ಲ. ಮನಸ್ಸಿಗೆ ನೋವಾಗಬಾರದು. ಆದಾಯ ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತೇವೆ; ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗದು, ಚೆಕ್ ಆದರೆ ಒಳ್ಳೆಯದು.

ಇಲ್ಲಿರುವ ಮಕ್ಕಳಲ್ಲಿ ಅರ್ಧಕ್ಕರ್ಧ ಬೇರೆ ಧರ್ಮದವರು. ಯಾರ ಹೆಸರನ್ನೂ ಬದಲಿಸಿಲ್ಲ, ಯಾರ ಹಣೆಯ ಕುಂಕುಮವನ್ನೂ ಅಳಿಸಿಲ್ಲ. ಕೇಳುವವರಿದ್ದಾರೆ, ಅದಕ್ಕೆ ಹೇಳಿದೆ.

ಮೇ ಕೊನೆಗೆ ಶಾಲೆ ಶುರು, ಜೂನ್ ಮೊದಲ ವಾರ ಮಳೆ. ಬರುವ ಎರಡು ಭಾನುವಾರ ಆರಾಧನೆ ಮುಗಿದ ಮೇಲೆ ಸಮಿತಿಯವರು ರಸೀದಿ ಪುಸ್ತಕ ಹಿಡಿದು ದೇವಾಲಯದ ಬಾಗಿಲಲ್ಲಿ ಇರುತ್ತಾರೆ. ಹಣ ಆಗದವರು ಶನಿವಾರ ಹಂಚು ಹೊರಲು ಬನ್ನಿ, ಮಧ್ಯಾಹ್ನದ ಊಟ ಬೋರ್ಡಿಂಗಿನಲ್ಲೇ.

ಇಂತು,
ಕಾರ್ಯದರ್ಶಿ, ಬೋರ್ಡಿಂಗ್ ಸಮಿತಿ