ನೋವು ಬರಿಸೋಕೆ ಹರಳೆಣ್ಣೆ ಕುಡಿಸ್ಬೇಡಿ

ಮಾನ್ಯ ಸಂಪಾದಕರೇ,

ಹೆರಿಗೆಗೆ ಡಾಕ್ಟ್ರು ಕೊಟ್ಟ ಡೇಟ್ ದಾಟಿ ಎರಡು ದಿನ ಆಗಿರಲ್ಲ, ಅಷ್ಟರಲ್ಲೇ ಹರಳೆಣ್ಣೆ ಕುಡ್ಸಿ ನೋವು ಬರತ್ತೆ ಅಂತ ಮನೇಲಿ ಶುರು ಮಾಡ್ತಾರೆ. ಆರೋಗ್ಯ ಸಹಾಯಕಿಯಾಗಿ ಹಳ್ಳಿ ಹಳ್ಳಿ ತಿರುಗಿದವಳು ನಾನು, ಅದಕ್ಕೇ ಈ ಕಾಗದ.

ಮೊದ್ಲು ಆ ಡೇಟ್ ವಿಷ್ಯ. ಕೊನೇ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ ಎಣಿಸಿ ಹಾಕೋ ಅಂದಾಜು ಅದು, ಸರಿಯಾಗಿ ಅವತ್ತೇ ಹೆರೋರು ತುಂಬಾ ಕಮ್ಮಿ. 39 ವಾರ ತುಂಬೋ ಮುಂಚೆ ಅಂತೂ ಸುಮ್ನೆ ಅವಸರ ಮಾಡ್ಲೇಬಾರ್ದು, ಮಗೂಗೆ ಉಸಿರಾಟದ ತೊಂದ್ರೆ ಆಗ್ಬಹುದು. ಒಳ್ಳೆ ನಕ್ಷತ್ರ ಇದೆ ಅಂತ ಬೇಗ ಹೆರಿಸೋಕೆ ನೋಡೋರಿಗೂ ಇದೇ ಮಾತು.

ಹರಳೆಣ್ಣೆ ಕೆಲ್ಸ ಮಾಡಲ್ಲ ಅಂತಲ್ಲ. ಅದ್ರಲ್ಲಿರೋ ರಿಸಿನೋಲಿಕ್ ಆಸಿಡ್ ಕರುಳನ್ನ ಹಿಂಡೋ ಹಾಗೇ ಗರ್ಭಕೋಶಾನೂ ಹಿಂಡತ್ತೆ, 2012ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಇದು ಹೇಗೆ ಅಂತ ಕಂಡ್ಕೊಂಡಿದ್ದಾರೆ. ತೊಂದ್ರೆ ಇರೋದೇ ಅಲ್ಲಿ, ಎಷ್ಟು ಹಿಂಡತ್ತೆ ಅನ್ನೋದು ನಮ್ಮ ಕೈಲಿರಲ್ಲ. ವಾಂತಿ ಭೇದಿ ಆಗಿ ಹೆಣ್ಣುಮಗಳು ಸುಸ್ತಾಗಿ ಬಿದ್ಕೊಂಡ್ರೆ ಆಮೇಲೆ ಮುಕ್ಕೋಕೆ ಶಕ್ತಿ ಎಲ್ಲಿಂದ ಬರ್ಬೇಕು? ಮುಂಚೆ ಸಿಸೇರಿಯನ್ ಆಗಿದ್ರೆ ಹೊಲಿಗೆ ಹಾಕಿದ ಜಾಗ ಬಿಟ್ಕೊಳ್ಳೋ ಭಯ ಬೇರೆ.

ಖರ್ಜೂರ ತಿನ್ಲಿ, ಶುಗರ್ ಇಲ್ದಿದ್ರೆ. ಜೋರ್ಡಾನ್ ದೇಶದಲ್ಲಿ ಕೊನೇ 4 ವಾರ ದಿನಕ್ಕೆ 6 ಖರ್ಜೂರ ತಿಂದವರಿಗೆ ಆಸ್ಪತ್ರೆಗೆ ಬರೋ ಹೊತ್ತಿಗೆ ಗರ್ಭಕೋಶದ ಬಾಯಿ ಹೆಚ್ಚು ತೆರೆದಿತ್ತಂತೆ, ಚಿಕ್ಕ ಅಧ್ಯಯನ ಅದು, ಆದ್ರೆ ತಿಂದ್ರೆ ನಷ್ಟ ಇಲ್ಲ. ವಾಕಿಂಗ್ ಮಾಡ್ಲಿ, ನೋವು ಬರ್ದೇ ಇದ್ರೂ ಮೈ ಹಗುರ ಆಗತ್ತೆ. ಮೊಲೆತೊಟ್ಟು ತಿಕ್ಕಿದ್ರೆ ಗರ್ಭಕೋಶ ಹಿಂಡಿಸೋ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬಂದು ನೋವು ಶುರುವಾಗ್ಬಹುದು, ಇದನ್ನ ಹೇಳೋಕೆ ನಾಚಿಕೆ ಏನಿಲ್ಲ, ಆದ್ರೆ ಬಿಪಿ, ಅವಳಿ, ಹಳೇ ಸಿಸೇರಿಯನ್ ಇದ್ದೋರು ಡಾಕ್ಟ್ರನ್ನ ಕೇಳ್ದೆ ಮಾಡ್ಬಾರ್ದು.

41 ವಾರ ತುಂಬಿದ್ರೆ ಮನೆಮದ್ದು ನಿಲ್ಸಿ, ತಾಯಿ ಕಾರ್ಡ್ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ. ನೋವು ಬರಿಸೋ ಔಷಧಿ ಅಂದ್ರೆ ಹೆದರ್ತಾರೆ ಜನ, ಆದ್ರೆ ಅಲ್ಲಿ ಮಗು ಎದೆಬಡಿತ ನೋಡ್ತಾ ನೋಡ್ತಾ ಕೊಡ್ತಾರೆ, ಅದೇ ದೊಡ್ಡ ವ್ಯತ್ಯಾಸ. ಮಗು ಮಿಸುಕೋದು ಕಮ್ಮಿ ಆದ್ರೆ, ನೀರು ಒಡೆದ್ರೆ, ರಕ್ತ ಕಂಡ್ರೆ ಎಷ್ಟನೇ ವಾರ ಅಂತ ಲೆಕ್ಕ ಹಾಕ್ತಾ ಕೂರ್ಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

ನಿಮ್ಮ ಮಹಿಳಾ ಪುಟದಲ್ಲಿ ಬಸುರಿಯರಿಗೆ ಮನೆಮದ್ದು ಹಾಕುವಾಗ ಹೆರಿಗೆ ಡಾಕ್ಟ್ರೊಬ್ಬರಿಗೆ ತೋರ್ಸಿ ಹಾಕಿ ಅಂತ ಕೇಳ್ಕೋತೀನಿ.

ನಿವೃತ್ತ ಆರೋಗ್ಯ ಸಹಾಯಕಿ, ಹಾಸನ ಜಿಲ್ಲೆ