ಪೆರು ಪ್ರವಾಸ: ವೀಸಾ, ಲಸಿಕೆ, ಕಸ್ಟಮ್ಸ್ ಬಗ್ಗೆ ತಪ್ಪು ಮಾಹಿತಿ ಕೊಟ್ಟು ಹಣ ಹಿಡಿದುಕೊಂಡಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು ಕಚೇರಿ

ಮಾನ್ಯರೇ,

ಅಪ್ಪ, ಅಮ್ಮ ಮತ್ತು ನನಗಾಗಿ ನಿಮ್ಮಲ್ಲಿ ಪೆರು ಪ್ರವಾಸ ಬುಕ್ ಮಾಡಿದ್ದೆ. ಲಿಮಾ, ಕುಸ್ಕೊ, ಮಾಚು ಪಿಚು, ಕೊನೆಗೆ ಪ್ಯೂರ್ಟೊ ಮಾಲ್ಡೊನಾಡೊ ಹತ್ತಿರದ ಅಮೆಜಾನ್ ಕಾಡು. ಆ ಪ್ರವಾಸ ನಡೆಯಲಿಲ್ಲ. ಅದಕ್ಕೆ ಕಾರಣ ನೀವು ಕೊಟ್ಟ ತಪ್ಪು ಮಾಹಿತಿ. ಹೀಗಿದ್ದೂ 'ಗ್ರಾಹಕರೇ ರದ್ದು ಮಾಡಿದ್ದಾರೆ' ಎಂದು ದಾಖಲಿಸಿ, ನಾವು ಕಟ್ಟಿದ ಹಣದ ದೊಡ್ಡ ಪಾಲನ್ನು ಹಿಡಿದುಕೊಂಡಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ.

ಮೊದಲು ಲಸಿಕೆಯ ವಿಷಯ. ಮುಂಗಡ ಕಟ್ಟುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿದ್ದೆ: ಮೂವರಿಗೂ ಯಾವುದಾದರೂ ಲಸಿಕೆ ಬೇಕಾ? 'ಪೆರು ಯಾವ ಲಸಿಕೆಯನ್ನೂ ಕೇಳುವುದಿಲ್ಲ, ಚಿಂತೆ ಬೇಡ' ಎಂದು ನಿಮ್ಮ ಸಿಬ್ಬಂದಿ ಉತ್ತರ ಬರೆದರು. ಭಾರತದಿಂದ ಹೋಗುವವರನ್ನು ಪೆರು ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆಯ ಕಾರ್ಡ್ ಕೇಳುವುದಿಲ್ಲ, ನಿಜ. ಆದರೆ ನಾವು ಅಲ್ಲೇ ಉಳಿಯಲು ಹೊರಟವರಲ್ಲ. ವಾಪಸ್ ಬೆಂಗಳೂರಿಗೆ ಬರಬೇಕು ಅಲ್ವಾ? ಕಾರ್ಡ್ ಕೇಳುವುದು ನಮ್ಮದೇ ದೇಶ.

ಹಳದಿ ಜ್ವರ ಇರುವ ದೇಶಗಳದ್ದೊಂದು ಪಟ್ಟಿ ಭಾರತ ಸರ್ಕಾರದ ಬಳಿ ಇದೆ. ಪೆರು, ಬ್ರೆಜಿಲ್, ಬೊಲಿವಿಯಾ, ಕೊಲಂಬಿಯಾ, ಈಕ್ವೆಡಾರ್ ಎಲ್ಲವೂ ಅದರಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದವರ ಬಳಿ ಲಸಿಕೆಯ ಕಾರ್ಡ್ ಇಲ್ಲದಿದ್ದರೆ, ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಈ ರೋಗ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ಡೆಂಗಿ ಹರಡುವುದೂ ಅದೇ. ರೋಗ ಮಾತ್ರ ಇನ್ನೂ ಇಲ್ಲಿಗೆ ಬಂದಿಲ್ಲ. ಬಾರದಂತೆ ನೋಡಿಕೊಳ್ಳುವುದಕ್ಕೇ ವಿಮಾನ ನಿಲ್ದಾಣದಲ್ಲಿ ಕಾರ್ಡ್ ನೋಡುತ್ತಾರೆ.

ಇದು ನನಗೆ ಗೊತ್ತಾದದ್ದು ನಿಮ್ಮಿಂದಲ್ಲ, ನಮ್ಮ ಮೈಸೂರಿನ ಡಾಕ್ಟರ್‌ರಿಂದ. ಕುಸ್ಕೊದ ಎತ್ತರದಲ್ಲಿ ಆಗುವ ಅಸ್ವಸ್ಥತೆಗೆ ಮಾತ್ರೆ ಬರೆಸಲು ಹೊರಡುವ ವಾರದಲ್ಲಿ ಹೋಗಿದ್ದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ 'ಯೆಲ್ಲೋ ಫೀವರ್ ಲಸಿಕೆ ಆಯಿತಾ?' ಎಂದು. ಆ ಹೊತ್ತಿಗೆ ಏನೂ ಮಾಡುವಂತಿರಲಿಲ್ಲ. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಕಾರ್ಡ್‌ಗೆ ಮಾನ್ಯತೆ ಬರುತ್ತದೆ. ಊರಿನ ಯಾವುದೋ ಕ್ಲಿನಿಕ್‌ನಲ್ಲಿ ಸಿಗುವ ಲಸಿಕೆಯೂ ಇದಲ್ಲ. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಒಂದು ಬಾಟಲಿಯಲ್ಲಿ ಹಲವರಿಗೆ ಆಗುವಷ್ಟು ಔಷಧಿ ಇರುತ್ತದೆ, ತೆರೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಹೋದ ದಿನವೇ ಆಗುತ್ತದೆ ಎನ್ನುವ ಹಾಗಿಲ್ಲ.

ಅದಕ್ಕಿಂತ ಮುಖ್ಯವಾದದ್ದು ವಯಸ್ಸು. ಅಪ್ಪ, ಅಮ್ಮ ಇಬ್ಬರಿಗೂ 60 ದಾಟಿದೆ. ಆ ವಯಸ್ಸಿನಲ್ಲಿ ಮೊದಲ ಬಾರಿ ಈ ಲಸಿಕೆ ಹಾಕಿಸಿಕೊಂಡರೆ ಗಂಭೀರ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಮೊಟ್ಟೆ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿರುವವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಹಾಕಿಸಬೇಕೋ ಬೇಡವೋ ಎನ್ನುವುದನ್ನು ಡಾಕ್ಟರ್ ಹಳೆಯ ಕಾಯಿಲೆಗಳನ್ನೆಲ್ಲ ಕೇಳಿ ತೀರ್ಮಾನಿಸಬೇಕು. ಆ ಮಾತುಕತೆ ನಡೆಯಬೇಕಾದದ್ದು ಹಣ ಕಟ್ಟುವ ಮುಂಚೆ. ಲಸಿಕೆ ಆಗುವುದಿಲ್ಲ ಎಂದಿದ್ದರೆ ನಾವು ಬೇರೆ ದೇಶ ಆರಿಸಿಕೊಳ್ಳುತ್ತಿದ್ದೆವು. ಚಿಲಿ ಮತ್ತು ಉರುಗ್ವೆ ಆ ಪಟ್ಟಿಯಲ್ಲಿಲ್ಲ. ನೀವು ಆ ಅವಕಾಶವನ್ನೇ ಕೊಡಲಿಲ್ಲ.

ಫೋನ್ ಮಾಡಿದಾಗ ನಿಮ್ಮವರು ಕೊಟ್ಟ ಎರಡು ಉತ್ತರ ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಒಂದು, 'ಕುಸ್ಕೊ, ಮಾಚು ಪಿಚುನಲ್ಲಿ ಆ ಸೊಳ್ಳೆ ಇಲ್ಲ ಮೇಡಂ.' ಬೆಟ್ಟದ ಮೇಲೆ ರೋಗ ಹರಡುವುದಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ವಿಮಾನ ನಿಲ್ದಾಣದವರು ನೋಡುವುದು ದೇಶದ ಹೆಸರನ್ನು, ಊರಿನ ಹೆಸರನ್ನಲ್ಲ. ಅದೂ ಅಲ್ಲದೆ ನೀವೇ ಹಾಕಿಕೊಟ್ಟ ಕಾರ್ಯಕ್ರಮದಲ್ಲಿ ಪ್ಯೂರ್ಟೊ ಮಾಲ್ಡೊನಾಡೊ ಇದೆ. ಅದು ತಗ್ಗಿನ ಅಮೆಜಾನ್ ಪ್ರದೇಶ, ಲಸಿಕೆ ಹಾಕಿಸಿಕೊಂಡೇ ಹೋಗಿ ಎಂದು ಡಾಕ್ಟರ್‌ಗಳು ಹೇಳುವ ಜಾಗ. ಈ ಜ್ವರಕ್ಕೆಂದೇ ಇರುವ ಔಷಧಿ ಇಲ್ಲ. ಲಸಿಕೆಯಿಲ್ಲದ ವಯಸ್ಸಾದವರನ್ನು ಅಲ್ಲಿಗೆ ಕರೆದೊಯ್ಯಲು ನೀವು ತಯಾರಿದ್ದಿರಿ. ನನ್ನ ದೂರಿನಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಇನ್ನೊಂದು ಉತ್ತರ, 'ವಾಪಸ್ ಬರುವಾಗ ಅಮೆರಿಕದಲ್ಲಿ ಆರು ದಿನ ಇದ್ದು ಬನ್ನಿ, ಕಾರ್ಡ್ ಕೇಳುವುದಿಲ್ಲ.' ಆ ಆರು ದಿನದ ಹೋಟೆಲ್, ಊಟ, ಟಿಕೆಟ್ ಬದಲಾವಣೆ ಯಾರ ಖರ್ಚು ಎಂದು ಕೇಳಿದ್ದಕ್ಕೆ ಇಂದಿಗೂ ಉತ್ತರ ಬಂದಿಲ್ಲ.

ಇಷ್ಟಾದ ಮೇಲೆ ನಿಮ್ಮ ಉಳಿದ ಮಾತುಗಳನ್ನೂ ನಾನೇ ಪರಿಶೀಲಿಸಿದೆ. ವೀಸಾದಲ್ಲೂ ಇದೇ ಕಥೆ. 'ಮೂವರಿಗೂ ಅಮೆರಿಕ ವೀಸಾ ಇದೆ, ಪೆರು ವೀಸಾ ಬೇಡ' ಎಂದಿದ್ದಿರಿ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಪೆರು 2017ರಿಂದ ವೀಸಾ ವಿನಾಯಿತಿ ಕೊಟ್ಟಿರುವುದು ಹೌದು. ಆದರೆ ಆ ವೀಸಾದ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಅಪ್ಪನ ಅಮೆರಿಕ ವೀಸಾ ಅದಕ್ಕಿಂತ ಮೊದಲೇ ಮುಗಿಯುತ್ತಿತ್ತು. ಅವರಿಗೆ ಹೊಸದಿಲ್ಲಿಯ ಪೆರು ರಾಯಭಾರ ಕಚೇರಿಯಿಂದ ವೀಸಾ ಮಾಡಿಸಲೇಬೇಕಿತ್ತು. ವೀಸಾ ಪುಟಗಳ ಪ್ರತಿ ಬುಕಿಂಗ್ ದಿನದಿಂದಲೇ ನಿಮ್ಮ ಬಳಿ ಇತ್ತು. 'ವೀಸಾ ದಾಖಲೆ ಪರಿಶೀಲನೆ' ಎಂದು ಮೂವರ ಹೆಸರಿನಲ್ಲೂ ಶುಲ್ಕ ಹಾಕಿದ್ದೀರಿ. ಏನು ಪರಿಶೀಲಿಸಿದಿರಿ? ಲಸಿಕೆಯ ತೊಂದರೆ ಇಲ್ಲದಿದ್ದರೂ ಅಪ್ಪನನ್ನು ಏರ್‌ಲೈನ್ ಕೌಂಟರ್‌ನಲ್ಲೇ ತಡೆಯುತ್ತಿದ್ದರು. ಅಮ್ಮನೂ ನಾನೂ ಅವರನ್ನು ಬಿಟ್ಟು ವಿಮಾನ ಹತ್ತಬೇಕಿತ್ತಾ?

ನಿಮ್ಮ ಕೈಪಿಡಿಯಲ್ಲಿ 'ಮನೆಯವರಿಗೆ ತರಬಹುದಾದ ಉಡುಗೊರೆ' ಎನ್ನುವ ಪಟ್ಟಿ ಇದೆ. ಅದರಲ್ಲಿ ಅಲ್ಪಾಕಾ ಉಣ್ಣೆಯ ಶಾಲಿನ ಜೊತೆಗೆ ಕೋಕಾ ಎಲೆಯ ಟೀ ಪೊಟ್ಟಣವನ್ನೂ ಸೇರಿಸಿದ್ದೀರಿ. ಕುಸ್ಕೊದಲ್ಲಿ ಆ ಟೀಯನ್ನು ಹೋಟೆಲ್‌ನವರೇ ಕುಡಿಯಲು ಕೊಡುತ್ತಾರೆ, ಅಂಗಡಿಯಲ್ಲಿ ಮಾರುತ್ತಾರೆ. ಅಲ್ಲಿ ಅದು ಕಾನೂನುಬದ್ಧ. ಆದರೆ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಕೋಕಾ ಎಲೆ ಮಾದಕ ವಸ್ತು. ನೀವು ಕೊಟ್ಟ ವಾಪಸ್ ದಾರಿ ಅಮೆರಿಕದ ಮೇಲಿತ್ತು. ಅಲ್ಲಿ ವಿಮಾನ ಬದಲಿಸುವವರೂ ಇಮಿಗ್ರೇಷನ್, ಕಸ್ಟಮ್ಸ್ ಎರಡನ್ನೂ ದಾಟಬೇಕು, ಅಲ್ಲೂ ಕೋಕಾ ಎಲೆ ನಿಷಿದ್ಧ. ನಂಬಿ ನಾಲ್ಕು ಪೊಟ್ಟಣ ಸೂಟ್‌ಕೇಸ್‌ನಲ್ಲಿಟ್ಟುಕೊಂಡ ಹಿರಿಯರೊಬ್ಬರ ಗತಿ ಏನು? ಪೆರುವಿನ ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎನ್ನುವುದೂ ಆ ಕೈಪಿಡಿಯಲ್ಲಿಲ್ಲ. ಹಣ್ಣು, ಬೀಜಗಳನ್ನು ಲಿಮಾದಲ್ಲಿ ಇಳಿದಾಗ ಘೋಷಿಸಬೇಕು ಎನ್ನುವುದೂ ಇಲ್ಲ. ಬ್ಯಾಗಿನಲ್ಲಿ ಕಾಳು, ಹಣ್ಣು ಹಾಕಿಕೊಂಡೇ ಹೊರಡುವ ನಮ್ಮ ಜನಕ್ಕೆ ಇದನ್ನು ಮೊದಲ ಪುಟದಲ್ಲಿ ಹೇಳಬೇಕಿತ್ತು.

ಎತ್ತರದ ಬಗ್ಗೆಯೂ ಒಂದು ಮಾತು. ಲಿಮಾ ಸಮುದ್ರ ತೀರದ ಊರು. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ನಿಮ್ಮ ಕಾರ್ಯಕ್ರಮದಲ್ಲಿ ಬೆಳಿಗ್ಗೆ ಲಿಮಾದಿಂದ ವಿಮಾನ, ಮಧ್ಯಾಹ್ನವೇ ಕುಸ್ಕೊಗಿಂತ ಇನ್ನೂ ಮೇಲಿರುವ ಸಾಕ್ಸಾವಮಾನ್ ಕೋಟೆ ಹತ್ತುವುದು. ಮೊದಲ ರಾತ್ರಿಗಳನ್ನು ತಗ್ಗಿನಲ್ಲಿರುವ ಉರುಬಾಂಬಾ ಕಣಿವೆಯಲ್ಲಿ ಕಳೆದು, ಸುಮಾರು 2,430 ಮೀಟರಿನ ಮಾಚು ಪಿಚು ನೋಡಿ, ಆಮೇಲೆ ಕುಸ್ಕೊಗೆ ಬಂದರೆ ದೇಹ ಹೊಂದಿಕೊಳ್ಳುತ್ತದೆ. ಇದನ್ನೂ ಹೇಳಿದವರು ಡಾಕ್ಟರೇ. ಅಮ್ಮನಿಗೆ ಬಿಪಿ ಇದೆ ಎಂದು ನಿಮ್ಮ ಫಾರಂನಲ್ಲಿ ಬರೆದುಕೊಟ್ಟಿದ್ದೆ. ಅದನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ರದ್ದತಿ ಶುಲ್ಕವೆಂದು ಹಿಡಿದ ಹಣ ಮತ್ತು ಮೂವರ ವೀಸಾ ಪರಿಶೀಲನಾ ಶುಲ್ಕವನ್ನು ಪೂರ್ತಿಯಾಗಿ ಹಿಂದಿರುಗಿಸಿ. ಮಾಚು ಪಿಚು ಟಿಕೆಟ್ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ತಾರೀಖು ನಮೂದಾಗಿ ಬರುವಂಥದ್ದು, ಬೇರೆಯವರಿಗೆ ಕೊಡಲು ಆಗುವುದಿಲ್ಲ. ಅದರ ನಷ್ಟವನ್ನೂ ನೀವೇ ಭರಿಸಬೇಕು, ಏಕೆಂದರೆ ನಿಮ್ಮ ಲಿಖಿತ ಭರವಸೆಯ ಮೇಲೆ ಅದನ್ನು ಕೊಂಡದ್ದು. ಕೈಪಿಡಿಯಿಂದ ಕೋಕಾ ಟೀಯನ್ನು ಇವತ್ತೇ ತೆಗೆಯಿರಿ. ನಿಮ್ಮಲ್ಲಿ ಪೆರು, ಬ್ರೆಜಿಲ್, ಬೊಲಿವಿಯಾಕ್ಕೆ ಈಗಾಗಲೇ ಬುಕ್ ಮಾಡಿರುವ ಪ್ರತಿಯೊಬ್ಬರಿಗೂ ಲಸಿಕೆಯ ವಿಷಯ ಬರವಣಿಗೆಯಲ್ಲಿ ತಿಳಿಸಿ, ನನಗೆ ಅದರ ಪ್ರತಿ ಕಳಿಸಿ. ಅವರಲ್ಲಿ ಹೆಚ್ಚಿನವರು ನಿವೃತ್ತರು ಎಂದು ನೀವೇ ಹೇಳಿದ್ದಿರಿ. ಅವರಿಗೆ ಇನ್ನೂ ಸಮಯ ಇದೆ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ನಿಮ್ಮ ಇಮೇಲ್ ಉತ್ತರ, ಕೈಪಿಡಿಯ ಪುಟಗಳು, ಬಿಲ್‌ಗಳು, ಅಪ್ಪನ ವೀಸಾ ಪುಟ ಮತ್ತು ಡಾಕ್ಟರ್ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ,
ಮೈಸೂರು