ಲಿಫ್ಟಿನವರೆಗೆ ಹೋಗಿ ವಾಪಸ್ ಬಂದ ಡಬ್ಬ

ಮೈಸೂರು
ಭಾನುವಾರ ಸಂಜೆ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರವೇ ಬಂತು. ಮಗುವಿನ ಸ್ಕೂಲು, ನಿನ್ನ ಆಫೀಸು, ಎಲ್ಲ ಓದಿ ಖುಷಿಪಟ್ಟೆ. ಆದರೆ ಮೂರನೇ ಪುಟದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅಲ್ಲಿಂದ ಮುಂದೆ ಏನೂ ತಲೆಗೆ ಹೋಗಲಿಲ್ಲ. ಮಿಕ್ಸಿ ಬಂದ ರಟ್ಟಿನ ಡಬ್ಬ ಎಸೆಯಲು ಹೊರಟೆ, ಲಿಫ್ಟಿನವರೆಗೂ ಹೋದೆ, ಮನಸ್ಸು ಬರಲಿಲ್ಲ, ವಾಪಸ್ ತಂದು ಅಟ್ಟಕ್ಕೆ ಹಾಕಿದೆ, 'ನಾನೂ ಅಜ್ಜಿ ಥರ ಆಗ್ತಿದ್ದೀನಾ ದೊಡ್ಡಮ್ಮ' ಅಂತ. ಪಕ್ಕದಲ್ಲಿ ಒಂದು ನಗುವ ಮುಖ ಬೇರೆ ಬಿಡಿಸಿದ್ದೀಯ. ಅದನ್ನು ನೋಡಿಯೇ ನಿನಗೆ ನಿಜವಾಗಿ ಭಯ ಆಗಿದೆ ಅಂತ ಗೊತ್ತಾಯಿತು.

ಕೊನೆಯ ವರ್ಷಗಳಲ್ಲಿ ಅಜ್ಜಿ ಡಬ್ಬ ಕೂಡಿಡುತ್ತಿದ್ದ ಆ ಕೋಣೆ ಹೇಗಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಈ ಮಾತನ್ನು ನಿನ್ನ ತಲೆಗೆ ಹಾಕಿದವಳು ನಾನೇ ಇರಬೇಕು. ನಿನಗಾಗ ಏಳೋ ಎಂಟೋ ವರ್ಷ. ಬೇಸಿಗೆ ರಜಕ್ಕೆ ಬಂದಾಗ ಚಾಕೊಲೇಟಿನ ಬಣ್ಣದ ಕಾಗದಗಳನ್ನು ಉಗುರಲ್ಲಿ ತೀಡಿ ತೀಡಿ ಸುಕ್ಕು ತೆಗೆದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆ. 'ಬಂತು ನೋಡಿ, ಅಜ್ಜಿ ಬುದ್ಧಿ' ಅಂತ ನಾನು ಅಂದೆ. ಎಲ್ಲರೂ ನಕ್ಕರು. ಸಂಜೆ ನೋಡಿದರೆ ಆ ಕಾಗದಗಳೆಲ್ಲ ಹಿತ್ತಲಲ್ಲಿ ನೀರೊಲೆ ಮುಂದೆ ಬಿದ್ದಿದ್ದವು. ನಾನೂ ಏನೂ ಕೇಳಲಿಲ್ಲ. ಮೂವತ್ತೈದು ವರ್ಷದ ಮೇಲೆ ಅದೇ ಮಾತು ನಿನ್ನ ಕಾಗದದಲ್ಲಿ ವಾಪಸ್ ಬಂದಿದೆ.

ನೀನು ನೋಡಿದ ಅಜ್ಜಿ ಬೇರೆ, ನಾನು ಬೆಳೆಯುವಾಗ ನೋಡಿದ ಅಮ್ಮ ಬೇರೆ. ನಮ್ಮ ಕಾಲಕ್ಕೆ ಅಂಗಡಿ ಸಾಮಾನೆಲ್ಲ ಪೇಪರ್ ಪೊಟ್ಟಣದಲ್ಲಿ ಬರುತ್ತಿತ್ತು. ಪೊಟ್ಟಣದ ದಾರ ಬಿಚ್ಚಿ ಉಂಡೆ ಸುತ್ತುವುದು ನಿನ್ನ ಅಮ್ಮನ ಕೆಲಸ, ಕಾಗದ ನೇರ ಮಾಡಿ ಹಾಸಿಗೆ ಕೆಳಗೆ ಇಡುವುದು ನನ್ನದು. ಡಾಲ್ಡಾ ಡಬ್ಬದಲ್ಲಿ ತುಳಸಿ. ಹಾರ್ಲಿಕ್ಸ್ ಬಾಟಲಲ್ಲಿ ಉಪ್ಪಿನಕಾಯಿ. ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬ ರೇಷ್ಮೆ ಸೀರೆಗಳ ಮಧ್ಯೆ. (ಅದನ್ನು ನಾನು ಈಗಲೂ ಇಡುತ್ತೇನೆ, ನಗಬೇಡ.) ಮದುವೆ ಕರೆಯೋಲೆಯ ಹಿಂಭಾಗದಲ್ಲಿ ದಿನಸಿ ಪಟ್ಟಿ.

ರಟ್ಟಿನ ಡಬ್ಬಗಳು ಮಾತ್ರ ದಸರಾ ಗೊಂಬೆಗೆ ಮೀಸಲು. ಏಳು ಮೆಟ್ಟಿಲು ಕೂರಿಸುತ್ತಿದ್ದಳು. ತಳದಲ್ಲಿ ಎರಡು ಟ್ರಂಕು, ಅದರ ಮೇಲೆಲ್ಲ ಡಬ್ಬಗಳು. ಡಬ್ಬದೊಳಗೆ ನಮ್ಮ ಹಳೆ ನೋಟ್‌ಬುಕ್ಕು ಒತ್ತೊತ್ತಾಗಿ ತುಂಬಿ, ಬಾಯಿ ಕೆಳಗೆ ಮಾಡಿ ಬೋರಲು ಹಾಕಿ, ಅಂಗೈ ಊರಿ ಒತ್ತಿ ನೋಡುತ್ತಿದ್ದಳು, ಕುಸಿಯುತ್ತಾ ಅಂತ. ಆಮೇಲೆ ಮೇಲೆ ಅಪ್ಪನ ಬಿಳಿ ಪಂಚೆ. ಹಬ್ಬ ಮುಗಿದ ಮೇಲೆ ಅವೇ ಡಬ್ಬಗಳಲ್ಲಿ ಗೊಂಬೆಗಳು ಹಳೆ ಬಟ್ಟೆ ಸುತ್ತಿಕೊಂಡು ಅಟ್ಟ ಹತ್ತುತ್ತಿದ್ದವು. ಪ್ರತಿ ಡಬ್ಬದ ಒಳಮಡಿಕೆಯಲ್ಲಿ ನೀಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿದ್ದಳು. 'ಮೂರನೇ ಮೆಟ್ಟಿಲು, ಎಡಗಡೆ.' 'ಶೆಟ್ಟರ ಅಂಗಡಿ, ತಕ್ಕಡಿ ಸಮೇತ.' 'ಆನೆ ಸೊಂಡಿಲು ಮುರಿದಿದೆ, ಹುಷಾರು.'

ಅಮ್ಮನ ಹತ್ತಿರ ಡಬ್ಬ ಇದ್ದೇ ಇರುತ್ತೆ ಅಂತ ಬೀದಿಗೆಲ್ಲ ಗೊತ್ತಿತ್ತು. ಯಾರದೋ ಮಗಳು ಬಾಣಂತನ ಮುಗಿಸಿ ಹೊರಟರೆ, ಯಾರಾದರೂ ಮಗನಿಗೆ ಚಕ್ಕುಲಿ ಕಳಿಸಬೇಕಾದರೆ, ಇಲ್ಲಿಗೇ ಬರುತ್ತಿದ್ದರು. ಡಬ್ಬ ಬರುತ್ತಿತ್ತು, ಹೋಗುತ್ತಿತ್ತು. ಆಮೇಲೆ ಎಲ್ಲರ ಕೈಗೂ ಪ್ಲಾಸ್ಟಿಕ್ ಕವರ್ ಬಂತು, ಕೇಳುವವರು ಕಮ್ಮಿ ಆದರು. 2016ರಲ್ಲಿ ನಮ್ಮ ರಾಜ್ಯದಲ್ಲಿ ಆ ಕವರ್ ನಿಷೇಧ ಮಾಡಿದಾಗ ಅಮ್ಮ ಇರಬೇಕಿತ್ತು ಅನಿಸಿತು.

ಈಗ ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲದ್ದು. 1993ರಲ್ಲಿ ಅಮ್ಮ ಯಾವುದೋ ಮದುವೆಗೆ ಅಂತ ಹಾಸನಕ್ಕೆ ಹೋದಳು. ನಾಲ್ಕು ದಿನ. ಅಟ್ಟದಲ್ಲಿ ಇಲಿ ಓಡಾಡುವ ಸದ್ದು ಕೇಳಿ ಕೇಳಿ ನನಗೆ ಸಾಕಾಗಿತ್ತು. ಗುಜರಿಯವನನ್ನು ಕರೆದೆ. ಗೊಂಬೆಗಳನ್ನು ತೆಗೆದು ಟ್ರಂಕಿಗೆ ಹಾಕಿದೆ, ಡಬ್ಬ ಎಲ್ಲ ಕೊಟ್ಟೆ. 18 ರೂಪಾಯಿ ಕೊಟ್ಟ. ಏನೋ ದೊಡ್ಡ ಸಾಧನೆ ಮಾಡಿದ ಹಾಗೆ ಅಟ್ಟ ಗುಡಿಸಿ ಒರೆಸಿದೆ.

ಅಮ್ಮ ಬಂದು ಅಟ್ಟ ನೋಡಿದಳು. ಒಂದು ಮಾತೂ ಆಡಲಿಲ್ಲ. ಆ ವರ್ಷ ದಸರಾಕ್ಕೆ ಮೂರೇ ಮೆಟ್ಟಿಲು. ಆರತಿಗೆ ಬಂದವರು ಯಾಕೆ ಅಂತ ಕೇಳಿದರೆ, 'ಈ ಸಲ ಇಷ್ಟೇ ಸಾಕು ಅನ್ನಿಸ್ತು' ಅನ್ನುತ್ತಿದ್ದಳು. ನಾನು ಅಲ್ಲೇ ಕೋಸಂಬರಿ ಹಂಚುತ್ತಾ ನಿಂತಿದ್ದೆ.

ಆ ಕೋಣೆಗೆ ಬೀಗ ಬಿದ್ದದ್ದು ಅದಾದ ಮೇಲೆ. ಯಾರಾದರೂ ಕೇಳಿದರೆ 'ಇಲ್ಲ' ಅನ್ನಲು ಶುರು ಮಾಡಿದ್ದೂ ಆಮೇಲೆಯೇ. ನನ್ನಿಂದಲೇ ಹೀಗಾಯಿತು ಅಂತ ಹೇಳುವಷ್ಟು ನನಗೆ ತಿಳಿಯದು. ಅಪ್ಪ ಹೋದದ್ದೂ ಆಸುಪಾಸಿನಲ್ಲೇ. ಆದರೆ ಅವಳು ಹೋದ ಮೇಲೆ ಬೀಗ ತೆಗೆದು ನಾವಿಬ್ಬರೂ ಖಾಲಿ ಮಾಡಿದೆವಲ್ಲ, ಆಗ ನಾನು ಒಂದೊಂದು ಡಬ್ಬದ ಮಡಿಕೆಯನ್ನೂ ಬಿಚ್ಚಿ ನೋಡಿದೆ. ನಿನ್ನ ಅಮ್ಮ 'ದುಡ್ಡು ಹುಡುಕ್ತಿದ್ದೀಯಾ' ಅಂತ ತಮಾಷೆ ಮಾಡಿದಳು. ಒಂದರಲ್ಲೂ ನೀಲಿ ಪೆನ್ಸಿಲ್ ಇರಲಿಲ್ಲ ಪುಟ್ಟಿ. ಒಂದರಲ್ಲೂ.

ಅದಕ್ಕೇ ಕೇಳುತ್ತಿದ್ದೇನೆ, ಆ ಮಿಕ್ಸಿ ಡಬ್ಬ ಯಾತಕ್ಕೆ ಅಂತ ಇಟ್ಟುಕೊಂಡೆ? ಉತ್ತರ ಇದ್ದರೆ ಅದರ ಮೇಲೆ ಬರೆದಿಡು. ಇಲ್ಲದಿದ್ದರೂ ಏನೂ ಮುಳುಗಿಲ್ಲ.

ಹೀಗೆ ಏನನ್ನೂ ಎಸೆಯದೆ ಕೂಡಿಡುವುದನ್ನು ಕಾಯಿಲೆ ಅಂತಾರೆ, ವಂಶದಲ್ಲಿ ಬರುತ್ತೆ ಅಂತಾರೆ, 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಪಟ್ಟಿಯಲ್ಲಿ ಬೇರೆಯಾಗಿಯೇ ಸೇರಿಸಿದ್ದಾರೆ ಅಂತೆಲ್ಲ ಬರೆದಿದ್ದೀಯ. ಬರೋದೇ ಇಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಆದರೆ ನಿನ್ನ ಒಲೆ ಕಟ್ಟೆ ಮೇಲೆ ಅಡುಗೆಗೆ ಜಾಗ ಇದೆ ಅಲ್ವಾ? ಮಂಚದ ಮೇಲೆ ಮಲಗುತ್ತೀರಿ, ಮನೆಗೆ ಯಾರಾದರೂ ಬಂದರೆ ಬಾಗಿಲು ಪೂರ್ತಿ ತೆಗೆಯುತ್ತೀಯ. ಅಮ್ಮ ಕೊನೆಗೆ ಬಾಗಿಲನ್ನು ಅರ್ಧ ಮಾತ್ರ ತೆಗೆಯುತ್ತಿದ್ದಳು. ಹಾಗೇನಾದರೂ ಆಗುತ್ತಿದೆ ಅನಿಸಿದರೆ ನಿಮ್ಹಾನ್ಸ್ ನಿಮ್ಮೂರಲ್ಲೇ ಇದೆ, ಹೋಗಿ ತೋರಿಸಿಕೋ. ಅಮ್ಮನನ್ನು ಕರೆದುಕೊಂಡು ಹೋಗೋಣ ಅಂತ ನನಗೆ ಹೊಳೆಯಲೇ ಇಲ್ಲ. ಬೈದೆ, ಅಷ್ಟೇ.

ನಿನ್ನ ಗಂಡನಿಗೆ ಒಂದು ಮಾತು ಹೇಳು. ನೀನು ಊರಲ್ಲಿಲ್ಲದಾಗ ಅಟ್ಟ ಖಾಲಿ ಮಾಡುವ ಉಪಕಾರ ಬೇಡ.

ಇನ್ನು ಸಣ್ಣಪುಟ್ಟದ್ದು, ನಿನಗೆ ಗೊತ್ತಿರುತ್ತೆ, ಆದರೂ. ರಟ್ಟಿನ ಎರಡು ಹಾಳೆ ಮಧ್ಯೆ ಅಲೆ ಅಲೆಯಾಗಿ ಕಾಗದ ಇರುತ್ತಲ್ಲ, ಆ ಸಂದಿಯಲ್ಲಿ ಜಿರಳೆ ಮೊಟ್ಟೆ ಇಡುತ್ತೆ. ಅದರ ಅಂಟು ಗಂಜಿಯಂಥದ್ದು, ಅದನ್ನೂ ತಿನ್ನುತ್ತೆ. ಹಾಗಾಗಿ ಅಡುಗೆಮನೆಯಲ್ಲಿ ಬೇಡ. ಒದ್ದೆ ಗೋಡೆಗೆ ತಾಗಿಸಬೇಡ, ಗೆದ್ದಲು ಹಿಡಿಯುತ್ತೆ. ಗಮ್ ಟೇಪ್ ಕಿತ್ತು ಚಪ್ಪಟೆ ಮಾಡಿ ಬೀರುವಿನ ಹಿಂದೆ ನಿಲ್ಲಿಸಿದರೆ ಹತ್ತು ಡಬ್ಬ ಒಂದು ಡಬ್ಬದ ಜಾಗದಲ್ಲಿ ಕೂರುತ್ತೆ. ಎಣ್ಣೆ ಹೀರಿದ ಪಿಜ್ಜಾ ಡಬ್ಬ ಎಸೆದುಬಿಡು, ಅದು ರದ್ದಿಗೂ ಬರಲ್ಲ. ವಿಳಾಸದ ಚೀಟಿ ಹರಿದೇ ಹೊರಗೆ ಕೊಡು. ಎಷ್ಟು ಡಬ್ಬ ಇಟ್ಟುಕೊಳ್ಳಬೇಕು ಅಂತ ನನ್ನನ್ನು ಕೇಳಬೇಡ. ನನ್ನ ಮಂಚದ ಕೆಳಗೇ ಆರಿವೆ.

ಹೌದು, ಒಂದು ವಿಷಯ. ಪಟ್ಟದ ಗೊಂಬೆ ಈಗ ನನ್ನ ಹತ್ತಿರ ಇವೆ, ನಿನಗೆ ಗೊತ್ತಲ್ಲ. ಅವುಗಳ ಡಬ್ಬದ ತಳ ಹೋದ ಮಳೆಗಾಲದಲ್ಲಿ ಗೆದ್ದಲು ತಿಂದು ಪುಡಿ ಆಗಿದೆ, ಗೊಂಬೆಗೇನೂ ಆಗಿಲ್ಲ. ನಿನ್ನ ಮಿಕ್ಸಿ ಡಬ್ಬದ ಎತ್ತರ ಎಷ್ಟಿದೆ ಅಂತ ಟೇಪ್ ಹಿಡಿದು ಅಳೆದು ಬರಿ. ಒಂದೂವರೆ ಅಡಿ ಇದ್ದರೆ, ಮುಂದಿನ ಸಲ ಬರುವಾಗ ಬಟ್ಟೆ ಬರೆ ಅದರಲ್ಲೇ ತುಂಬಿಕೊಂಡು ಬಾ. ಅದರೊಳಗಿನ ಥರ್ಮಾಕೋಲೂ ಇದ್ದರೆ ತಾ. ಕಮ್ಮಿ ಇದ್ದರೆ ಗುಜರಿಯವನಿಗೆ ಕೊಡು.

ಇಂತಿ,
ನಿನ್ನ ದೊಡ್ಡಮ್ಮ